ಎರಡು ಬೆರಳಷ್ಟು ಸಡಿಲ

ಬೆಳಗಿನ ಐದೂ ಮುಕ್ಕಾಲು ಗಂಟೆ. ಶೆಡ್ಡಿನ ಷಟರ್ ಎತ್ತಲು ಬೆಲ್ಟಕ್ಕ ಎಡಗೈಯನ್ನಷ್ಟೇ ಹಾಕುತ್ತಾರೆ. ಅದು ಸೊಂಟದವರೆಗೆ ಬಂದು ಮುನಿಸಿಕೊಂಡು ನಿಲ್ಲುತ್ತದೆ. ಬಲಗೈಯನ್ನೂ ಸೇರಿಸಿದರೆ ಒಂದೇ ಏಟಿಗೆ ಮೇಲೆ ಹೋಗುವ ಷಟರ್ ಅದು, ಆದರೆ ಅವರು ಸೇರಿಸುವುದಿಲ್ಲ. ಬಗ್ಗಿ ಒಳಗೆ ನುಸುಳಿ, ಉಳಿದದ್ದನ್ನು ಒಳಗಿನಿಂದ ಎಡ ಹೆಗಲು ಕೊಟ್ಟು ನೂಕುತ್ತಾರೆ. ಲೈಟು ಹಾಕಿ, ನಿನ್ನೆಯ ಹೊಗೆ ವಾಸನೆ ಹೊರಗೆ ಹೋಗಲೆಂದು ಹಿಂದಿನ ಕಿಟಕಿ ತೆರೆದು, ನೆಟ್ಟಗೆ ಗೋಡೆಯ ಹತ್ತಿರ ನಡೆಯುತ್ತಾರೆ. ಅಲ್ಲಿ ಒಂದು ಪೈಪಿನ ಮೇಲೆ ಹದಿನಾಲ್ಕು ಬೆಲ್ಟುಗಳು ಜೋತಾಡುತ್ತಿವೆ.

ಲಾರಿಯ ಮೇಲೆ ಸಾಮಾನು ಬಿಗಿಯಲು ಬಳಸುವಂಥವೇ ಈ ಬೆಲ್ಟುಗಳು. ಮೂರು ಬೆರಳಗಲ, ಒಂದು ತುದಿಗೆ ಕಬ್ಬಿಣದ ಕೊಕ್ಕೆ, ಇನ್ನೊಂದು ತುದಿಗೆ ಹಿಡಿ ಆಡಿಸಿದಷ್ಟೂ ಕಟಕಟ ಎಂದು ಬಿಗಿಯುತ್ತಾ ಹೋಗುವ ರ‍್ಯಾಚೆಟ್. ಬೆಲ್ಟಕ್ಕ ಒಂದೊಂದನ್ನೂ ಅಂಗೈಯೊಳಗೆ ಹಾಯಿಸಿ ನೋಡುತ್ತಾರೆ. ಒಂಬತ್ತನೆಯದರ ಹೊಲಿಗೆ ಕೊಕ್ಕೆಯ ಹತ್ತಿರ ನೂಲು ಬಿಟ್ಟಿದೆ. ತಕ್ಷಣ ಕತ್ತರಿ ತೆಗೆದು ಅದನ್ನು ನಡುಮಧ್ಯಕ್ಕೆ ಎರಡು ತುಂಡು ಮಾಡುತ್ತಾರೆ. ಬರೀ ಮೂಲೆಗೆ ಎಸೆದರೆ ಅವಸರದಲ್ಲಿ ಯಾರಾದರೂ ಎತ್ತಿ ತಂದು ಕಾರಿಗೆ ಹಾಕಿಬಿಡುತ್ತಾರೆಂಬ ಭಯ. "ಮನೇಲಿ ಟೈಲರ್ ಇದ್ದಾರಲ್ಲ, ಹೊಲಿಸ್ಕೊಂಡು ಬಾ ಅಂತಾರೆ. ನಮ್ಮನೆಯವರು ಅಂಗಿ ಹೊಲೀತಾರೆ, ಜೀವ ಹೊಲಿಯಲ್ಲ," ಎನ್ನುತ್ತಾರೆ. ತುಂಡುಗಳು ಸಂಜೆ ಮನೆ ಸೇರುತ್ತವೆ, ಗಂಡ ಅವುಗಳಿಂದ ಕೈಚೀಲಕ್ಕೆ ಹಿಡಿ ಹಾಕುತ್ತಾರೆ. ಅವರ ಬೀದಿಯಲ್ಲಿ ತರಕಾರಿ ಚೀಲದ ಹಿಡಿ ಕಿತ್ತುಬಂದದ್ದನ್ನು ಯಾರೂ ನೋಡಿಲ್ಲವಂತೆ.

ಪೈಪಿನ ಕೊನೆಯಲ್ಲಿ ನಾಲ್ಕು ಬೆಲ್ಟುಗಳನ್ನು ಬೇರೆಯಾಗಿ, ಹಳೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಆರು ದಿನದಿಂದ ಅವನ್ನು ಯಾವ ಕಾರಿಗೂ ಹಾಕಿಲ್ಲ. ಇವತ್ತು ಏಳು ಗಂಟೆಗೆ ಒಂದು ಹಸಿರು ಕಾರು ಬರಬೇಕು, ಅವು ಅದಕ್ಕೇ ಮೀಸಲು. ಬೆಲ್ಟಕ್ಕನ ಹನ್ನೊಂದು ವರ್ಷದ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ಆ ಕಾರಿನ ಮೇಲಿದೆ. ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ ಎಂದು ಕಣ್ಣೇ ಹೇಳುತ್ತಿದೆ.

ಇದು ಕಾರಿನ ಶಕ್ತಿ ಅಳೆಯುವ ಜಾಗ. ನೆಲದಲ್ಲಿ ಅರ್ಧ ಹೂತಿರುವ ಭಾರಿ ಉಕ್ಕಿನ ರೋಲರಿನ ಮೇಲೆ ಕಾರಿನ ಚಕ್ರ ನಿಲ್ಲಿಸಿ, ಕಾರನ್ನು ನಾಲ್ಕೂ ಕಡೆಯಿಂದ ನೆಲಕ್ಕೆ ಕಟ್ಟಿ, ಎಂಜಿನ್ನನ್ನು ಪೂರ್ತಿ ಓಡಿಸುತ್ತಾರೆ. ಕಾರು ಒಂದಿಂಚೂ ಮುಂದೆ ಹೋಗದೆ ನಿಂತಲ್ಲೇ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಚಕ್ರ ರೋಲರನ್ನು ಎಷ್ಟು ಜೋರಾಗಿ ತಿರುಗಿಸಿತು ಎಂಬುದರಿಂದ ಎಂಜಿನ್ನಿಗೆ ಎಷ್ಟು ಕುದುರೆಯ ಬಲ ಎಂದು ಪರದೆಯ ಮೇಲೆ ಗೆರೆ ಏಳುತ್ತದೆ. ಇದಕ್ಕೆ ಡೈನೋ ಎನ್ನುತ್ತಾರೆ. ದೊಡ್ಡ ಸೈಲೆನ್ಸರ್, ಹೊಸ ಫಿಲ್ಟರ್ ಎಂದು ಕಾರಿಗೆ ಏನೇನೋ ಹಾಕಿಸುವ ಹುಚ್ಚಿನವರೆಲ್ಲ ಇಲ್ಲಿಗೆ ಬರುತ್ತಾರೆ. ಕೆಲಸ ಮಾಡಿಸುವುದಕ್ಕೆ ಮುಂಚೆ ಒಂದು ಸಲ, ಆದಮೇಲೆ ಒಂದು ಸಲ ಅಳೆಸಿಕೊಂಡು, ಎಷ್ಟು ಕುದುರೆ ಹೆಚ್ಚಾದವು ಎಂದು ಕಾಗದದಲ್ಲಿ ಬರೆಸಿಕೊಂಡು ಹೋಗುತ್ತಾರೆ.

ಹೆಸರೆಲ್ಲ ಲ್ಯಾಪ್‌ಟಾಪ್ ಹಿಡಿದು ಎಂಜಿನ್ನಿನ ಲೆಕ್ಕ ತಿದ್ದುವ ಟ್ಯೂನರ್‌ಗೆ. ಶೆಡ್ಡಿನ ಮಾಲೀಕನೂ ಆತನೇ, ವಯಸ್ಸು ಮೂವತ್ತನಾಲ್ಕು, ಕೈಗುಣ ಒಳ್ಳೆಯದೆಂದು ಪ್ರಸಿದ್ಧಿ. ಗಿರಾಕಿಗಳ ಮುಂದೆ ಬೆಲ್ಟಕ್ಕ ಆತನನ್ನು ಸರ್ ಎನ್ನುತ್ತಾರೆ, ಇಬ್ಬರೇ ಇದ್ದಾಗ ತಮ್ಮ. ಗೋಡೆಯ ಮೇಲೆ ಮೂವತ್ತಕ್ಕೂ ಹೆಚ್ಚು ಫೋಟೊಗಳಿವೆ: ಕಾರು, ಕಾರಿನೊಡೆಯ, ನಡುವೆ ಟ್ಯೂನರ್. ಹುಡುಕಿದರೆ ಒಂದು ಫೋಟೊದ ಅಂಚಿನಲ್ಲಿ ಬೆಲ್ಟಕ್ಕನ ಮುಂಗೈ ಸಿಗುತ್ತದೆ. ಅದನ್ನು ಮಗಳು ಪತ್ತೆ ಹಚ್ಚಿದ್ದು. ಅಮ್ಮನ ಬಳೆ ನೋಡಿ ಗುರುತು ಹಿಡಿದಳಂತೆ.

ದಿನಕ್ಕೆ ಐದು ಕಾರು. ಒಂದೊಂದಕ್ಕೆ ನಾಲ್ಕು ಬೆಲ್ಟು. ಒಂದೊಂದನ್ನೂ ಎರಡು ಸಲ ಕಟ್ಟಬೇಕು, ಎರಡು ಸಲ ಬಿಚ್ಚಬೇಕು. ಬಂಪರೆಂದರೆ ಬರೀ ಪ್ಲಾಸ್ಟಿಕ್, ಅದಕ್ಕೆ ಕೊಕ್ಕೆ ಹಾಕಿದರೆ ಬಂಪರ್ ಕೈಗೆ ಬರುತ್ತದೆ, ಕಾರು ಗೋಡೆಗೆ ಹೋಗುತ್ತದೆ. ಆದ್ದರಿಂದ ಪ್ರತಿ ಸಲ ಅಂಗಾತ ಮಲಗಿ ಕಾರಿನ ಹೊಟ್ಟೆಯ ಕೆಳಗಿನ ಕಬ್ಬಿಣ ಹುಡುಕಬೇಕು. ಶೋಕಿಗೆಂದು ಕಾರನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿಕೊಂಡು ಬರುವವರನ್ನು ಕಂಡರೆ ಬೆಲ್ಟಕ್ಕನಿಗೆ ಮೈ ಉರಿಯುತ್ತದೆ. "ಇಲಿ ನುಗ್ಗೋಕೂ ಜಾಗ ಇರಲ್ಲ. ನಾನು ಇಲಿಗಿಂತ ಸ್ವಲ್ಪ ದಪ್ಪ ಇದ್ದೀನಿ," ಎಂದು ತಮ್ಮ ಸೊಂಟ ತೋರಿಸುತ್ತಾರೆ. ಅವರಿಗೆ ನಲವತ್ತೇಳು ವರ್ಷ.

ಈ ವಿದ್ಯೆ ಬಂದದ್ದು ಅಪ್ಪನಿಂದ. ಅಪ್ಪ ಗೋದಾಮುಗಳ ಬೀದಿಯಲ್ಲಿ ಲಾರಿಯ ಲೋಡ್ ಕಟ್ಟುತ್ತಿದ್ದರು. ಟೀ ತೆಗೆದುಕೊಂಡು ಹೋದ ಮಗಳನ್ನು ಹಗ್ಗದ ಮೇಲೆ ಕೂರಿಸಿ ಬಿಗಿ ನೋಡುತ್ತಿದ್ದರಂತೆ. ಮದುವೆಯಾದ ಮೇಲೆ ಬೆಲ್ಟಕ್ಕ ಹಗ್ಗ, ಟಾರ್ಪಾಲು, ಬೆಲ್ಟು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹನ್ನೊಂದು ವರ್ಷದ ಹಿಂದೆ ಹೊಸದಾಗಿ ಡೈನೋ ಹಾಕಿದ್ದ ಟ್ಯೂನರ್ ಬೆಲ್ಟು ಕೊಳ್ಳಲು ಬಂದು, ಕಟ್ಟುವುದು ಹೇಗೆಂದು ಕೇಳಿದ. ಬಾಯಲ್ಲಿ ಹೇಳಿದರೆ ತಲೆಗೆ ಹೋಗಲಿಲ್ಲ. ಒಂದು ದಿನ ಬಂದು ತೋರಿಸಿ ಹೋಗುತ್ತೇನೆಂದು ಬಂದವರು ಇಲ್ಲೇ ಉಳಿದರು.

ಬೆಲ್ಟು ಬರೀ ಕಾರು ಹಾರಿಹೋಗದಂತೆ ತಡೆಯುವುದಕ್ಕೆ ಎಂದು ಗಿರಾಕಿಗಳು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಬೆಲ್ಟು ಬಿಗಿದಷ್ಟೂ ಟೈರು ರೋಲರಿಗೆ ಒತ್ತಿಕೊಳ್ಳುತ್ತದೆ. ಒತ್ತಿಕೊಂಡಷ್ಟೂ ತಿರುಗಲು ಕಷ್ಟ, ಆ ಕಷ್ಟಕ್ಕೆ ಒಂದಷ್ಟು ಕುದುರೆಗಳು ಖರ್ಚಾಗುತ್ತವೆ. ಅಂದರೆ ಮೊದಲ ಸಲ ಬಿಗಿಯಾಗಿ ಕಟ್ಟಿ, ಎರಡನೆಯ ಸಲ ಸ್ವಲ್ಪ ಸಡಿಲ ಬಿಟ್ಟರೆ, ಎಂಜಿನ್ ಮುಟ್ಟದೆಯೇ ಶಕ್ತಿ ಹೆಚ್ಚಾದಂತೆ ಕಾಗದದಲ್ಲಿ ಬರುತ್ತದೆ. ಗಾಳಿಯ ಬಿಸಿ, ತಂಪು, ಒತ್ತಡ ಎಲ್ಲವನ್ನೂ ಯಂತ್ರವೇ ಅಳೆದು ಸರಿದೂಗಿಸಿಕೊಳ್ಳುತ್ತದೆ. ಬೆಲ್ಟಿನ ಬಿಗಿ ಮಾತ್ರ ಅದಕ್ಕೆ ಕಾಣುವುದಿಲ್ಲ. ಬೇಕೆಂದೇ ಹೀಗೆ ಕಟ್ಟಿ ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಶೆಡ್ಡುಗಳೂ ಇವೆ ಎಂದು ಈ ಕಸುಬಿನವರೆಲ್ಲರಿಗೂ ಗೊತ್ತು.

ಬೆಲ್ಟಕ್ಕನ ಕ್ರಮವೇ ಬೇರೆ. ಬೆಲ್ಟನ್ನು ಕೈಯಿಂದ ಎಳೆದು ಸಡಿಲವೆಲ್ಲ ಹೋದಮೇಲೆ ಏಳು ಕಟಕು. ಮೊದಲ ಸಲವೂ ಏಳು, ಎರಡನೆಯ ಸಲವೂ ಏಳು. ಬಾಯಲ್ಲಿ ಎಣಿಸುತ್ತಾರೆ, ಎಣಿಸುವಾಗ ಮಾತಾಡಿಸಿದರೆ ಬಿಚ್ಚಿ ಮೊದಲಿನಿಂದ ಶುರು. ಬೆಲ್ಟುಗಳಿಗೆ ನಂಬರಿದೆ, ಒಂದೊಂದಕ್ಕೂ ಅದರದೇ ಮೂಲೆ. ಕಟ್ಟಿದ ಮೇಲೆ ಬೆಲ್ಟು ರ‍್ಯಾಚೆಟ್ಟಿನೊಳಗೆ ಹೋಗುವ ಜಾಗದಲ್ಲಿ ಗಂಡನ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಕಾರು ಓಡುವಾಗ ಗೆರೆ ಜರುಗಿದರೆ ಬೆಲ್ಟು ಜಾರುತ್ತಿದೆ ಎಂದರ್ಥ, ಕೂಡಲೇ ಕೈ ಎತ್ತಿ ನಿಲ್ಲಿಸುತ್ತಾರೆ. ಓಟ ಮುಗಿದ ಮೇಲೆ ಗೆರೆ ಒರೆಸುತ್ತಾರೆ.

ನಾಲ್ಕು ತಿಂಗಳಿಂದ ಬಲ ಭುಜ ಕೈಕೊಡುತ್ತಿದೆ. ಬೆಳಿಗ್ಗೆ ಹೇಗೋ ನಡೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೂಳೆಯೊಳಗೆ ಮರಳು ತುಂಬಿದಂತಾಗಿ ಕೈ ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಜಡೆ ಹಾಕಿಕೊಳ್ಳಲೂ ಆಗದೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳ ಮುಂದೆ ದಿನಾ ಬೆನ್ನು ಮಾಡಿ ಕೂರುತ್ತಾರೆ. ಮಗಳು ಮುಲಾಮು ತಂದು ಹಚ್ಚುತ್ತಾಳೆ, ಡಾಕ್ಟರ ಹತ್ತಿರ ಹೋಗು ಎಂದು ಬೈಯುತ್ತಾಳೆ. ಶೆಡ್ಡಿನಲ್ಲಿ ಮಾತ್ರ ಒಬ್ಬರಿಗೂ ತಿಳಿಯಗೊಟ್ಟಿರಲಿಲ್ಲ. "ಕಟ್ಟೋಳ ಕೈ ಹೋಯ್ತು ಅಂದ್ರೆ ಇನ್ನೇನಿದೆ ಅಲ್ಲಿ ನನಗೆ? ಅದಕ್ಕೇ ಹಲ್ಲು ಕಚ್ಚಿಕೊಂಡಿದ್ದೆ," ಎನ್ನುತ್ತಾರೆ.

ಹಾಗೆ ಹಲ್ಲು ಕಚ್ಚಿಕೊಂಡಿದ್ದ ಕಾಲದಲ್ಲಿ ಬಂದದ್ದೇ ಹಸಿರು ಕಾರು. ಅದರೊಡೆಯ ಹಲ್ಲಿನ ಡಾಕ್ಟರು. ಮೂರು ವರ್ಷದಿಂದ ಆಸೆಪಟ್ಟು, ಹೆಂಡತಿಯನ್ನು ಒಪ್ಪಿಸಿ, ಸೈಲೆನ್ಸರ್ ಬದಲಾಯಿಸಿ ಟ್ಯೂನಿಂಗ್ ಮಾಡಿಸಲು ಬಂದಿದ್ದರು. ಬೆಳಿಗ್ಗೆ ಅಳೆದಾಗ ನೂರನಲವತ್ತೆರಡು ಕುದುರೆ. ಕಾರನ್ನು ಇಳಿಸಿ, ಪೈಪು ಬದಲಿಸಿ, ಮಧ್ಯಾಹ್ನ ಮತ್ತೆ ಕಟ್ಟಿ ಅಳೆದಾಗ ನೂರ ಅರವತ್ತಮೂರು. ಡಾಕ್ಟರು ಮಗುವಿನ ಹಾಗೆ ಕುಣಿದರು. ಕೇಕು ತರಿಸಿ ಎಲ್ಲರಿಗೂ ಹಂಚಿದರು. ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಕ್ಲಿನಿಕ್ಕಿನಲ್ಲಿ ತೂಗುಹಾಕಿದ್ದೇನೆಂದು ಮರುದಿನ ಫೋಟೊ ಕಳಿಸಿದರು. ಟ್ಯೂನರ್ ಅದನ್ನು ಕಂಡಕಂಡವರಿಗೆಲ್ಲ ತೋರಿಸಿದ.

ಕೇಕು ತಿಂದ ಸಂಜೆಯೇ, ಬೆಲ್ಟುಗಳನ್ನು ಸುತ್ತಿಡುವಾಗ, ಅದು ಬೆಲ್ಟಕ್ಕನ ಕಣ್ಣಿಗೆ ಬಿತ್ತು. ಬೆಳಗಿನ ಗೆರೆ ಒರೆಸಲು ಆವತ್ತು ಮರೆತಿದ್ದರು. ನಾಲ್ಕನೇ ನಂಬರಿನ ಬೆಲ್ಟಿನ ಮೇಲೆ ಎರಡು ನೀಲಿ ಗೆರೆಗಳಿದ್ದವು, ಒಂದಕ್ಕೊಂದು ಎರಡು ಬೆರಳಷ್ಟು ದೂರದಲ್ಲಿ. ಉಳಿದ ಮೂರನ್ನು ಬಿಡಿಸಿ ನೋಡಿದರೆ ಅವುಗಳಲ್ಲೂ ಹಾಗೇ. ಎರಡು ಸಲವೂ ಏಳೇ ಕಟಕು ಎಣಿಸಿದ್ದು ಖಂಡಿತ. ತಪ್ಪಿದ್ದು ಅದಕ್ಕೂ ಮುಂಚಿನ ಕೈಯೆಳೆತದಲ್ಲಿ. ಬೆಳಿಗ್ಗೆ ಭುಜ ಬೇಕಾದಷ್ಟು ಬಿಗಿಯಾಗಿ ಎಳೆದಿತ್ತು, ಮಧ್ಯಾಹ್ನ ನೋವಿಗೆ ಅರ್ಧಕ್ಕೇ ಬಿಟ್ಟುಕೊಟ್ಟಿತ್ತು. ಆ ಸಡಿಲದ ಮೇಲೆ ಏಳು ಎಣಿಸಿ ಸರಿಯಾಗಿ ಕಟ್ಟಿದೆನೆಂದು ನಂಬಿದ್ದರು. ಡಾಕ್ಟರ ಇಪ್ಪತ್ತೊಂದು ಹೊಸ ಕುದುರೆಗಳಲ್ಲಿ ಕೆಲವು ಎಂಜಿನ್ನಿನಿಂದ ಬಂದವೇ ಅಲ್ಲ.

ನಾಲ್ಕು ದಿನ ಬಾಯಿ ಬಿಡಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು ಎಂದು ಗಂಡ ನೆನೆಸಿಕೊಳ್ಳುತ್ತಾರೆ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೆಂಡತಿ ಎಲ್ಲ ಹೇಳಿದರು. ಟೈಲರಿಗೆ ಅರ್ಥವಾಗಲು ಒಂದು ಗಳಿಗೆ ಸಾಕಾಯಿತು. "ಅಳತೆ ತಗೊಳ್ಳುವಾಗ ಟೇಪು ಬಿಗಿ ಹಿಡಿದು, ಬಟ್ಟೆ ಕತ್ತರಿಸುವಾಗ ಸಡಿಲ ಬಿಟ್ಟ ಹಾಗಾಯ್ತು. ಆ ಅಂಗಿ ವಾಪಸ್ ತರಿಸಿಕೊಳ್ಳದೆ ಬೇರೆ ದಾರಿ ಇಲ್ಲ," ಎಂದರು. ಕೆಲಸ ಹೋದರೆ ಎಂದು ಹೆಂಡತಿ ಕೇಳಿದಾಗ ಅವರು ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು.

ಮರುದಿನ ಬೆಳಿಗ್ಗೆ ಟೀ ಕುಡಿಯುವಾಗ ಬೆಲ್ಟಕ್ಕ ನಾಲ್ಕೂ ಬೆಲ್ಟುಗಳನ್ನು ಟ್ಯೂನರ್ ಮುಂದೆ ಹರಡಿ ಗೆರೆ ತೋರಿಸಿದರು, ಭುಜದ ವಿಷಯವನ್ನೂ ಹೇಳಿದರು. ಒಂದು ಕಾರಿನ ಮಾತಾದರೆ ಬಿಟ್ಟುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದ ಆತ. ಒಂದೇ ಕಾರಲ್ಲ ತಮ್ಮಾ, ಮಧ್ಯಾಹ್ನ ಕಟ್ಟಿದ ಕಾರಿಗೆಲ್ಲ ಇದೇ ಕೈ ಎಂದರು ಬೆಲ್ಟಕ್ಕ. ಆತನ ಮುಖ ಸಣ್ಣದಾಯಿತು. ಕೈಗುಣದ ಟ್ಯೂನರ್ ಎಂದು ಊರೆಲ್ಲ ಹೊಗಳಿಸಿಕೊಂಡಿದ್ದ ನಾಲ್ಕು ತಿಂಗಳು ಕಣ್ಣಮುಂದೆ ಹಾದುಹೋಗಿರಬೇಕು.

"ಅಂದ್ರೆ ಇಷ್ಟು ದಿನ ನಾನು ಮಾಡಿದ ಟ್ಯೂನಿಂಗ್ ಎಲ್ಲ ನಿಮ್ಮ ಭುಜದ ನೋವಾ ಅಕ್ಕ?" ಎಂದು ಕೇಳಿದ.

ಹಸಿರು ಕಾರನ್ನು ಬೆಳಗಿನ ಗೆರೆಗೇ ಕಟ್ಟಿ ಮತ್ತೆ ಅಳೆದರೆ ಗೊತ್ತಾಗುತ್ತದೆ ಎಂದರು ಬೆಲ್ಟಕ್ಕ. ಅಲ್ಲಿಯವರೆಗೆ ಎರಡನೆಯ ಅಳತೆಗೆ ಒಂದು ಕಾರನ್ನೂ ಕಟ್ಟುವುದಿಲ್ಲ ಎಂದೂ ಹೇಳಿದರು. ಸಂಜೆ ಹೊತ್ತಿಗೆ ಟ್ಯೂನರ್ ಡಾಕ್ಟರಿಗೆ ಫೋನು ಮಾಡಿ, ಒಂದು ಸಣ್ಣ ಪರೀಕ್ಷೆ ಇದೆ ಎಂದು ಕರೆದ. ಕಾರಣ ಹೇಳಲಿಲ್ಲ.

ಏಳಕ್ಕೆ ಐದು ನಿಮಿಷ ಇರುವಾಗ ಹಸಿರು ಕಾರು ಬರುತ್ತದೆ. ಡಾಕ್ಟರು ನಗುನಗುತ್ತ ಇಳಿದು, ಇನ್ನೂ ನಾಲ್ಕು ಕುದುರೆ ಸೇರಿಸುತ್ತೀರಾ ಎಂದು ತಮಾಷೆ ಮಾಡುತ್ತಾರೆ. ಟ್ಯೂನರ್ ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸುತ್ತಾನೆ. ವಿಷಯ ಹೇಳುವವರು ಬೆಲ್ಟಕ್ಕನೇ. ಸೆರಗಿಗೆ ಕೈ ಒರೆಸಿಕೊಂಡು, ನಾಲ್ಕು ಬೆಲ್ಟು ತೋರಿಸಿ, ನನ್ನ ಕೈಯಿಂದ ತಪ್ಪಾಗಿದೆ ಎಂದು ಸುತ್ತುಬಳಸದೆ ಹೇಳುತ್ತಾರೆ. ಡಾಕ್ಟರ ನಗು ಅಲ್ಲೇ ಒಣಗುತ್ತದೆ.

"ಹಾಗಾದ್ರೆ ನನ್ನ ಕಾರು ನಿಧಾನ ಆಯ್ತಾ?" ಎಂದು ಕೇಳುತ್ತಾರೆ.

"ಇಲ್ಲ ಸರ್. ಕಾರು ಮೊನ್ನೆ ಹೇಗಿತ್ತೋ ಹಾಗೇ ಇದೆ. ಕಾಗದದಲ್ಲಿ ನಾವು ಜಾಸ್ತಿ ಬರೆದುಕೊಟ್ಟಿದ್ದೀವಿ, ಅಷ್ಟೇ."

ಡಾಕ್ಟರಿಗೆ ಇದು ಸಮಾಧಾನವೋ ಅವಮಾನವೋ ತಿಳಿಯುವುದಿಲ್ಲ. ಗೋಡೆಗೊರಗಿ ಕೈಕಟ್ಟಿ ನಿಲ್ಲುತ್ತಾರೆ.

ಕಾರು ರೋಲರ್ ಮೇಲೆ ಏರುತ್ತದೆ. ಟೈರಿನ ಗಾಳಿ ಆವತ್ತಿನಷ್ಟೇ ಇದೆಯೇ ಎಂದು ಬೆಲ್ಟಕ್ಕ ಅಳೆದು ನೋಡುತ್ತಾರೆ. ಮಲಗಿ, ತೆವಳಿ, ಕೊಕ್ಕೆಗಳನ್ನು ಆವತ್ತಿನ ಜಾಗಗಳಿಗೇ ಸಿಕ್ಕಿಸುತ್ತಾರೆ. ಎದ್ದು ಕೂತು ಬಲಗೈಯಲ್ಲಿ ಬೆಲ್ಟು ಹಿಡಿದವರು ಎಳೆಯುವುದಿಲ್ಲ, ಟ್ಯೂನರನ್ನು ನೋಡುತ್ತಾರೆ. ಇಸ್ತ್ರಿ ಅಂಗಿಯ ಟ್ಯೂನರ್ ಒಂದು ಕ್ಷಣ ಹಿಂದುಮುಂದು ನೋಡಿ, ನೆಲಕ್ಕೆ ಮಂಡಿಯೂರುತ್ತಾನೆ. ಹನ್ನೊಂದು ವರ್ಷದಲ್ಲಿ ಆತ ಬೆಲ್ಟು ಮುಟ್ಟಿದ್ದು ಇದೇ ಮೊದಲು. ತೋಳಲ್ಲಿ ಬಲವಿದೆ, ಆದರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ. ಎರಡು ಸಲ ಗೆರೆ ದಾಟಿಸುತ್ತಾನೆ, ಎರಡು ಸಲ ಬೆಲ್ಟಕ್ಕ ಬಿಚ್ಚಿಸಿ ಮತ್ತೆ ಎಳೆಸುತ್ತಾರೆ. ನಾಲ್ಕು ಬೆಲ್ಟು ಗೆರೆಗೆ ಬರುವಷ್ಟರಲ್ಲಿ ಆತನ ಅಂಗಿ ಬೆವರಿಗೆ ಬೆನ್ನಿಗಂಟಿದೆ. ದಿನಾ ಇಷ್ಟೊಂದಾ ಎಂದು ಆತ ಮೆಲ್ಲಗೆ ಕೇಳಿದ್ದಕ್ಕೆ ಬೆಲ್ಟಕ್ಕ ಗೆರೆಗಳನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ.

ಕಾರಿನ ಮುಂದಿನ ದೊಡ್ಡ ಫ್ಯಾನು ಗಾಳಿ ಬೀಸತೊಡಗುತ್ತದೆ. ಟ್ಯೂನರ್ ಒಳಗೆ ಕೂತು ಗೇರ್ ಏರಿಸುತ್ತಾನೆ. ಶೆಡ್ಡಿನ ತಗಡುಗಳೆಲ್ಲ ನಡುಗುತ್ತವೆ. ಬೆಲ್ಟಕ್ಕನ ಕಣ್ಣು ಪರದೆಯ ಮೇಲಿಲ್ಲ, ನಾಲ್ಕು ಗೆರೆಗಳ ಮೇಲಿದೆ. ಮೂರು ಸಲ ಓಡಿಸಿದ ಮೇಲೆ ಎಂಜಿನ್ ಆರುತ್ತದೆ. ನೂರೈವತ್ತೇಳು, ನೂರೈವತ್ತೆಂಟು, ನೂರೈವತ್ತೇಳು. ಡಾಕ್ಟರ ಇಪ್ಪತ್ತೊಂದು ಕುದುರೆಗಳಲ್ಲಿ ಹದಿನೈದು ನಿಜವಾದವು, ಆರು ಬೆಲ್ಟಕ್ಕನ ಭುಜದವು.

ಹದಿನೈದು ನಿಂತಿತಲ್ಲ ಎಂದು ಟ್ಯೂನರ್ ಸ್ಟಿಯರಿಂಗಿಗೆ ಹಣೆ ಹಚ್ಚಿ ಉಸಿರು ಬಿಡುತ್ತಾನೆ. ಆತನ ಕೈಗುಣ ಪೂರ್ತಿ ಸುಳ್ಳಾಗಲಿಲ್ಲ. ಡಾಕ್ಟರು ಹೊಸ ಕಾಗದವನ್ನು ಬಹಳ ಹೊತ್ತು ನೋಡಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೊರಡುವಾಗ ಬೆಲ್ಟಕ್ಕನ ಮುಂದೆ ನಿಂತು, ಹೇಳಿದ್ದು ಒಳ್ಳೆಯದಾಯಿತು ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, ಕ್ಲಿನಿಕ್ಕಿನ ಗೋಡೆಯ ಮೇಲಿರುವುದು ಮಾತ್ರ ಹಾಗೇ ಇರಲಿ, ಚೌಕಟ್ಟು ಬಿಚ್ಚಿದರೆ ಹೆಂಡತಿ ಏಕೆಂದು ಕೇಳುತ್ತಾಳೆ ಎನ್ನುತ್ತಾರೆ. ಬೆಲ್ಟಕ್ಕನಿಗೆ ಆ ದಿನ ಮೊದಲ ಸಲ ನಗು ಬರುತ್ತದೆ.

ಹಸಿರು ಕಾರು ಹೋದ ಮೇಲೆ ಶೆಡ್ಡಿನಲ್ಲಿ ಇಬ್ಬರೇ. ಭುಜ ನೋಯಲು ಶುರುವಾಗಿ ಎಷ್ಟು ದಿನವಾಯಿತೆಂದು ಟ್ಯೂನರ್ ಕೇಳುತ್ತಾನೆ. ತಾರೀಖು ನೆನಪಿಲ್ಲ, ಮಗಳು ಜಡೆ ಹಾಕಲು ಶುರುಮಾಡಿ ನಾಲ್ಕು ತಿಂಗಳಾಯಿತು ಎನ್ನುತ್ತಾರೆ ಬೆಲ್ಟಕ್ಕ. ಆತ ಪರದೆಯಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ಮಧ್ಯಾಹ್ನದ ಕಾರುಗಳನ್ನು ಎಣಿಸುತ್ತಾನೆ. ಮುನ್ನೂರಕ್ಕೂ ಹೆಚ್ಚಿವೆ. ಅಷ್ಟು ಮಂದಿಗೆ ಫೋನು ಮಾಡಬೇಕು, ಅಷ್ಟು ಮಂದಿಯ ಮುಖ ಸಣ್ಣದಾಗುವುದನ್ನು ನೋಡಬೇಕು. ದಿನಕ್ಕೆ ಇಬ್ಬರನ್ನು ಕರೆದರೂ ವರ್ಷದ ಅರ್ಧ ಹಿಡಿಯುತ್ತದೆ ಎಂದು ಟ್ಯೂನರ್ ಹೇಳುತ್ತಾನೆ. ಕರೆಯುವುದು ಬೇಡ ಎನ್ನುವುದಿಲ್ಲ.

ಬೆಲ್ಟಕ್ಕ ಹೆದರಿಕೊಂಡು ಕಾಯುತ್ತಿದ್ದ ಮಾತು ಆಮೇಲೆ ಬರುತ್ತದೆ, ಆದರೆ ಮೆತ್ತಗೆ ಬರುತ್ತದೆ. ಕಟ್ಟಲು ಬೇರೆ ಯಾರನ್ನಾದರೂ ಇಡೋಣ, ನೀವು ಒಳಗೆ ಕುರ್ಚಿ ಹಾಕಿಕೊಂಡು ಫೋನು ನೋಡಿಕೊಳ್ಳಿ, ಸಂಬಳ ಹಾಗೇ ಇರುತ್ತದೆ ಎನ್ನುತ್ತಾನೆ ಟ್ಯೂನರ್. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ಬೆಲ್ಟಕ್ಕ ನಾಲ್ಕನೇ ನಂಬರಿನ ಬೆಲ್ಟನ್ನು ಸುತ್ತುತ್ತಾ ಕೂತಿದ್ದಾರೆ. ಸುತ್ತಿ ಮುಗಿಸಿ ಮಡಿಲಲ್ಲಿಟ್ಟುಕೊಂಡು ಹೇಳುತ್ತಾರೆ:

"ಎಳೆಯೋ ಕೆಲಸ ಯಾರಿಗಾದ್ರೂ ಕೊಡು ತಮ್ಮಾ. ನನ್ನ ಕೈಲಿ ಇನ್ನು ಆಗಲ್ಲ, ನನಗೂ ಸುಸ್ತಾಗಿದೆ. ಆದ್ರೆ ಬೆಲ್ಟ್ ಮೇಲೆ ಕೈ ಇಟ್ಟು ಸಾಕು ಅನ್ನೋದು ಮಾತ್ರ ನಾನೇ ಅನ್ಬೇಕು. ಅದೊಂದು ನನಗಿರಲಿ."

ಟ್ಯೂನರ್ ಉತ್ತರ ಕೊಡುವಷ್ಟರಲ್ಲಿ ಹೊರಗೆ ಹಾರ್ನ್ ಕೇಳುತ್ತದೆ. ಎಂಟು ಗಂಟೆಯ ಗಿರಾಕಿ, ಉದ್ದನೆಯ ಬಿಳಿ ಕಾರು. ಕಾರು ರೋಲರ್ ಏರುತ್ತದೆ. ಬೆಲ್ಟಕ್ಕ ಕೊಕ್ಕೆ ಸಿಕ್ಕಿಸಿ ಹೊರಗೆ ಬರುವಷ್ಟರಲ್ಲಿ ಟ್ಯೂನರ್ ತೋಳು ಮಡಚಿಕೊಂಡು ಮಂಡಿಯೂರಿ ಕೂತಿದ್ದಾನೆ. ಬೆಲ್ಟು ಎಳೆಯುತ್ತಾನೆ, ಒಂದೊಂದೇ ಕಟಕು ಎಣಿಸುತ್ತಾನೆ. ಏಳಕ್ಕೆ ಕೈ ನಿಲ್ಲಿಸಿ, ಗಿರಾಕಿಯನ್ನಾಗಲಿ ಪರದೆಯನ್ನಾಗಲಿ ನೋಡದೆ, ತಲೆ ಎತ್ತಿ ಬೆಲ್ಟಕ್ಕನ ಮುಖ ನೋಡುತ್ತಾನೆ.

ಬೆಲ್ಟಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೆಲ್ಟಿನ ಮೇಲೆ ಎಡ ಅಂಗೈ ಇಡುತ್ತಾರೆ. ಕಣ್ಣು ಮುಚ್ಚುತ್ತಾರೆ.

"ಮೊದಲನೇ ಎಳೆತ ಕಡಿಮೆ ಆಗಿದೆ. ಬಿಚ್ಚಿ ಸರ್, ಮೊದಲಿಂದ ಎಳೀರಿ," ಎನ್ನುತ್ತಾರೆ.

ಟ್ಯೂನರ್ ಬಿಚ್ಚುತ್ತಾನೆ. ಉಸಿರು ಬಿಗಿಹಿಡಿದು ಮತ್ತೆ ಎಳೆಯುತ್ತಾನೆ, ಮತ್ತೆ ಏಳು ಎಣಿಸುತ್ತಾನೆ, ಮತ್ತೆ ಕಾಯುತ್ತಾನೆ. ಅಂಗೈ ಬೆಲ್ಟಿನ ಉದ್ದಕ್ಕೂ ಒಂದು ಸಲ ಹೋಗಿ ಬರುತ್ತದೆ.

"ಸಾಕು," ಎನ್ನುತ್ತಾರೆ ಬೆಲ್ಟಕ್ಕ.